ರಿದಮ್ ಪ್ಯಾಡಿನಲ್ಲಿ ಅಳಿದ ಧ್ವನಿಗಳನ್ನು ಮತ್ತೆ ಕೂಡಿಸಿದ ಏಳು ವಾರ

ಸೆಪ್ಟೆಂಬರ್ 13, ಶನಿವಾರ. ತಿಪಟೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಗಣಪತಿ ಬಿಡುವ ಹಿಂದಿನ ರಾತ್ರಿಯ ಆರ್ಕೆಸ್ಟ್ರಾ. ಮೂರನೆಯ ಹಾಡು ಆಗಷ್ಟೇ ಮುಗಿದಿತ್ತು. ತಮಟೆಯ ಸದ್ದು ಗಾಯಕರ ದನಿಯನ್ನು ಮುಚ್ಚುತ್ತಿದೆ ಎಂದು ಮಿಕ್ಸರ್ ಮುಂದೆ ಕುಳಿತವರು ಕೈಸನ್ನೆ ಮಾಡಿದರು. ನಾನು ನುಡಿಸುವುದು ರಿದಮ್ ಪ್ಯಾಡ್: ರಬ್ಬರಿನ ಪ್ಯಾಡ್‌ಗಳನ್ನು ಕಡ್ಡಿಯಿಂದ ಹೊಡೆದರೆ ಒಳಗೆ ತುಂಬಿಟ್ಟ ತಮಟೆ, ಡೊಳ್ಳಿನಂತಹ ಧ್ವನಿಗಳು ಬರುವ ವಿದ್ಯುತ್ ಯಂತ್ರ. ಅದರ ಎರಡನೇ ಪ್ಯಾಡಿನ ಮಟ್ಟವನ್ನು 100ರಿಂದ 82ಕ್ಕೆ ಇಳಿಸಿ ಸೇವ್ ಗುಂಡಿ ಒತ್ತಿದೆ. ಉಳಿಸುತ್ತಿರುವುದಾಗಿ ಪರದೆಯ ಮೇಲೆ ಸೂಚನೆ ಬಂತು. ಅದು ಮಾಯವಾಗುವ ಮೊದಲೇ ಜನರೇಟರ್ ನಿಂತುಹೋಯಿತು.

ಹತ್ತು ನಿಮಿಷ ಬಿಟ್ಟು ಕರೆಂಟು ಬಂತು. ಮೈಕು ಬಂತು, ಕೀಬೋರ್ಡ್ ಬಂತು. ನನ್ನ ಯಂತ್ರದ ಪರದೆಯ ಮೇಲೆ ಮಾತ್ರ ತಯಾರಕರ ಹೆಸರು ಮೂಡಿ ಅಲ್ಲಿಗೇ ನಿಂತಿತು. ಆರಿಸಿ ಹಾಕಿದೆ, ಮತ್ತೆ ಅದೇ. ಅಡಾಪ್ಟರ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಚುಚ್ಚಿದೆ, ಮತ್ತೆ ಅದೇ. ಕೀಬೋರ್ಡ್ ನುಡಿಸುವ ಅಣ್ಣ ತಮ್ಮ ವಾದ್ಯದೊಳಗಿನ ತಾಳಗಳನ್ನೇ ಹಾಕಿಕೊಂಡರು, ಢೋಲಕ್‌ನವರು ಇನ್ನಷ್ಟು ಗಟ್ಟಿಯಾಗಿ ಬಾರಿಸಿದರು, ಹೇಗೋ ಉಳಿದ ಹಾಡುಗಳು ದಾಟಿದವು. ನಾನು ಕಡ್ಡಿಗಳನ್ನು ಕೈಯಲ್ಲಿ ಹಿಡಿದುಕೊಂಡು ವೇದಿಕೆಯ ಅಂಚಿನಲ್ಲಿ ನಿಂತಿದ್ದೆ. ಒಪ್ಪಿದ ಹಣದಲ್ಲಿ ಮೂರು ಸಾವಿರ ಮುರಿದುಕೊಂಡರು. ಆ ಹಣ ಹೋದದ್ದು ಮರುದಿನಕ್ಕೆ ಮರೆಯಿತು. ಆ ಯಂತ್ರದೊಳಗೆ 64 ಕಿಟ್‌ಗಳಿದ್ದವು. ಮೂರು ವರ್ಷ ರಾತ್ರಿ ಊಟವಾದ ಮೇಲೆ ಕುಳಿತು ಒಂದೊಂದೇ ಹಾಡಿಗೆ ಒಂದೊಂದೇ ಕಿಟ್, ಎಂದರೆ ಯಾವ ಪ್ಯಾಡಿಗೆ ಯಾವ ಧ್ವನಿ ಎಂಬ ಜೋಡಣೆ, ಕೂಡಿಸಿದ್ದೆ. ಅವುಗಳ ಒಂದು ಪ್ರತಿಯೂ ಹೊರಗೆಲ್ಲೂ ಇರಲಿಲ್ಲ.

ನಮ್ಮ ಹಾಗೆ ಊರೂರು ತಿರುಗುವ ತಂಡಗಳಲ್ಲಿ ಪ್ಯಾಡ್ ನುಡಿಸುವವರಿಗೆ ಈ ಗತಿ ಬರಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ತಂತ್ರಜ್ಞನಲ್ಲ. ಹಗಲು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಹಬ್ಬ ಜಾತ್ರೆಗಳಲ್ಲಿ ನುಡಿಸುತ್ತೇನೆ. ಕೈ ಕಲಿತದ್ದು ತಂಡದ ಹಳೆಯ ರೋಲ್ಯಾಂಡ್ ಎಸ್‌ಪಿಡಿ-20ರ ಮೇಲೆ. ಅದರಲ್ಲಿ 700 ಧ್ವನಿಗಳು, 99 ಪ್ಯಾಚ್‌ಗಳು (ಕಿಟ್‌ಗೆ ಅದರಲ್ಲಿರುವ ಹೆಸರು). ಹೊರಗಿನ ಧ್ವನಿ ಸೇರಿಸಲು ಆಗದು, ಇರುವುದರಲ್ಲೇ ಹೊಂದಿಸಿಕೊಳ್ಳಬೇಕು. ಆ ಕಂಪನಿ 1985ರಲ್ಲಿ ತಂದ ಮೊದಲ ಆಕ್ಟಾಪ್ಯಾಡಿನಲ್ಲಿ ಧ್ವನಿಗಳೇ ಇರಲಿಲ್ಲವಂತೆ. ಹೊಡೆತವನ್ನು ಮಿಡಿ, ಎಂದರೆ ವಾದ್ಯಯಂತ್ರಗಳು ಒಂದಕ್ಕೊಂದು ತಿಳಿಸುವ ಡಿಜಿಟಲ್ ಸಂಕೇತ, ಮಾಡಿ ಬೇರೊಂದು ಯಂತ್ರಕ್ಕೆ ಕಳಿಸುವುದಷ್ಟೇ ಅದರ ಕೆಲಸ. ಈಗಲೂ ನಮ್ಮಲ್ಲಿ ಯಾವ ಕಂಪನಿಯದಾದರೂ ಎಂಟು ಪ್ಯಾಡ್ ಕಂಡರೆ ಆಕ್ಟಾಪ್ಯಾಡ್ ಎಂದೇ ಕರೆಯುತ್ತಾರೆ. ಕೆಟ್ಟುಹೋದ ನನ್ನ ಯಂತ್ರ ಬೇರೆ. ನಾವೇ ಮುದ್ರಿಸಿದ ಧ್ವನಿಗಳನ್ನು ತುಂಬಿಕೊಳ್ಳುವ ಮಾದರಿ. ಹಳೆಯದನ್ನೇ 38,000 ರೂಪಾಯಿ ಕೊಟ್ಟು ಕೊಂಡಿದ್ದೆ. ಅದರಲ್ಲಿದ್ದ ತಮಟೆ, ಡೊಳ್ಳಿನ ಧ್ವನಿಗಳು ಹಿಂದಿನ ಮಾಲೀಕರು ತುಂಬಿಸಿಟ್ಟಿದ್ದವು.

ಸೋಮವಾರ ರಜೆ ಹಾಕಿ, ಯಂತ್ರವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಸರ್ವಿಸ್ ಸೆಂಟರಿನವರು ಮೊದಲು ಕೇಳಿದ್ದು ಬಿಲ್. ಬಿಲ್ ಮೊದಲ ಮಾಲೀಕರ ಹೆಸರಿನಲ್ಲಿತ್ತು, ನನ್ನ ಬಳಿ ಇದ್ದದ್ದು ಅದರ ಮಸುಕಾದ ಜೆರಾಕ್ಸ್. ಯಂತ್ರದ ತಳದ ಚೀಟಿಯಲ್ಲಿದ್ದ ಸೀರಿಯಲ್ ನಂಬರ್ ಬಿಲ್ಲಿನ ನಂಬರಿಗೆ ಹೊಂದುತ್ತದೆಯೇ ಎಂದು ನೋಡಲು ಮೂಲ ಬಿಲ್ಲಿನ ಫೋಟೊ ಬೇಕೆಂದರು. ಯಂತ್ರ ಮಾರಿದವರಿಗೆ ಫೋನ್ ಮಾಡಿ, ಅವರು ಮನೆಗೆ ಹೋಗಿ ಹುಡುಕಿ ಕಳಿಸುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಹಳೆಯ ವಾದ್ಯ ಕೊಳ್ಳುವವರು ಇದೊಂದನ್ನು ನೆನಪಿಡಿ: ಮೂಲ ಬಿಲ್ಲನ್ನು ವಾದ್ಯದ ಜೊತೆಗೇ ಕೇಳಿ ಪಡೆಯಿರಿ, ಮಾರಿದವರ ಕೈಯಲ್ಲಿ ಎರಡು ಸಾಲು ಬರೆಸಿಕೊಳ್ಳಿ.

ಮುಂದಿನ ಕಾಗದ ಇನ್ನೂ ಕಷ್ಟದ್ದಾಗಿತ್ತು. ದುರಸ್ತಿಯ ವೇಳೆ ಒಳಗಿನ ನೆನಪೆಲ್ಲ ಅಳಿಯಬಹುದು, ಅದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಬರೆದು ಸಹಿ ಹಾಕಬೇಕು. ಅಲ್ಲಿದ್ದ ಹುಡುಗನನ್ನು ಕೇಳಿದೆ: "ಒಳಗಿನ ಕಿಟ್‌ಗಳನ್ನು ಮೊದಲು ಹೊರಗೆ ತೆಗೆಯಲು ಆಗುವುದಿಲ್ಲವೇ?" ಅವನು ನಿಧಾನವಾಗಿಯೇ ಹೇಳಿದ: "ಸಾರ್, ಅದು ಪೂರ್ತಿ ತೆರೆದುಕೊಂಡರೆ ತಾನೇ ಹೊರಗೆ ಕಳಿಸುವುದು? ತೆರೆದುಕೊಳ್ಳುತ್ತಲೇ ಇಲ್ಲ." ಸಹಿ ಹಾಕಿದೆ. ಪೆನ್ನು ವಾಪಸು ಕೊಡುವಾಗ ಕೈ ನಡುಗುತ್ತಿತ್ತು.

ಹನ್ನೊಂದು ದಿನ ಕಾದೆ. ಪರೀಕ್ಷೆಗೆ 590, ತಂತ್ರಾಂಶ ಮತ್ತೆ ತುಂಬಿದ್ದಕ್ಕೆ 1,770 ರೂಪಾಯಿ, ಜಿಎಸ್‌ಟಿ ಸೇರಿ. ಬಿಡಿಭಾಗ ಯಾವುದೂ ಹೋಗಿರಲಿಲ್ಲ. ಆಗಿದ್ದೇನು ಎಂದು ಅದೇ ಹುಡುಗ ಸಮಾಧಾನದಿಂದ ವಿವರಿಸಿದ. ನಾವು ಗುಂಡಿ ತಿರುಗಿಸಿ ಧ್ವನಿ ಬದಲಿಸಿದಾಗ ಬದಲಾಗುವುದು ಯಂತ್ರದ ತಾತ್ಕಾಲಿಕ ನೆನಪು. ಕಿವಿಗೆ ಹೊಸದೇ ಕೇಳುತ್ತದೆ, ಆದರೆ ಅದು ಇನ್ನೂ ಎಲ್ಲಿಯೂ ಬರೆದಿಟ್ಟದ್ದಲ್ಲ. ಸೇವ್ ಒತ್ತಿದಾಗ ಒಳಗಿನ ಫ್ಲ್ಯಾಶ್ ನೆನಪಿಗೆ ಅದು ಏರುತ್ತದೆ. ಆ ಏರುವ ಹೊತ್ತಿನಲ್ಲಿ ಕರೆಂಟು ಹೋದರೆ ಅರ್ಧ ಹಳೆಯದು ಅರ್ಧ ಹೊಸದಾಗಿ ಪುಟವೇ ಕೆಡುತ್ತದೆ. ನನಗೆ ತಕ್ಷಣ ಮಂಡಿಯ ಲೆಕ್ಕ ನೆನಪಾಯಿತು. ಹರಾಜಿನ ಕಟ್ಟೆಯಲ್ಲಿ ಕಚ್ಚಾ ಚೀಟಿಯ ಮೇಲೆ ಬರೆದ ತೂಕ, ಲೆಡ್ಜರಿಗೆ ಏರುವವರೆಗೂ ಲೆಕ್ಕವಲ್ಲ. ಲೆಡ್ಜರಿನಲ್ಲಿ ಬರೆದದ್ದಕ್ಕೂ ನಾವು ಕಾರ್ಬನ್ ಪ್ರತಿ ಇಡುತ್ತೇವೆ. ಹಗಲೆಲ್ಲ ಅದೇ ಕೆಲಸ ಮಾಡುವ ನಾನು, ರಾತ್ರಿಯ ಕೆಲಸಕ್ಕೆ ಅದನ್ನು ಅನ್ವಯಿಸಿರಲಿಲ್ಲ.

ಕೆಲವು ಮಾದರಿಗಳಲ್ಲಿ ಸೇವ್ ಗುಂಡಿ ಇರುವುದಿಲ್ಲ, ಬದಲಾವಣೆಗಳೆಲ್ಲ ತಾವಾಗಿಯೇ ಉಳಿಯುತ್ತವೆ. ಅಂಥವುಗಳಲ್ಲಿ ಹಲವು, ಪವರ್ ಗುಂಡಿಯಿಂದ ಕ್ರಮವಾಗಿ ಆರಿಸಿದಾಗ ಮಾತ್ರ ಉಳಿಸುತ್ತವೆ. ಪ್ಲಗ್ ಕಿತ್ತರೆ ಅಥವಾ ವೇದಿಕೆಯ ಮೇನ್ ಸ್ವಿಚ್ ಆರಿಸಿದರೆ ಅಂದಿನ ಬದಲಾವಣೆ ಹೋಗುತ್ತದೆ. ನಮ್ಮಲ್ಲಿ ಕಾರ್ಯಕ್ರಮ ಮುಗಿದ ಕೂಡಲೇ ಲೈಟಿನವರು ವೈರ್ ಸುತ್ತಲು ಬರುತ್ತಾರೆ. ಅವರು ಬರುವ ಮೊದಲು ನಿಮ್ಮ ಯಂತ್ರವನ್ನು ನೀವೇ ಆರಿಸಿರಬೇಕು. ಇನ್ನು ತೀರಾ ಹಳೆಯ ಯಂತ್ರಗಳಲ್ಲಿ ಕಿಟ್‌ಗಳನ್ನು ಹಿಡಿದಿಡುವುದು ಒಳಗಿನ ಒಂದು ನಾಣ್ಯದಾಕಾರದ ಬ್ಯಾಟರಿ. ಅದು ಸತ್ತರೆ, ಅಥವಾ ಪ್ರತಿ ತೆಗೆಯದೆ ಅದನ್ನು ಬದಲಿಸಲು ಹೋದರೆ, ಎಲ್ಲವೂ ಅಳಿಯುತ್ತದೆ. ಅಂಥ ಯಂತ್ರವಿದ್ದವರು ಮಿಡಿ ಕೇಬಲ್ ಮೂಲಕ ಪೂರ್ತಿ ನೆನಪನ್ನು ಕಂಪ್ಯೂಟರಿಗೆ ಇಳಿಸಿಕೊಂಡೇ ಬ್ಯಾಟರಿಗೆ ಕೈ ಹಾಕಬೇಕು.

ಅದೇ ದಿನ ಎಸ್.ಪಿ. ರಸ್ತೆಗೆ ಹೋಗಿ 16 ಜಿಬಿಯ ಎರಡು ಪೆನ್‌ಡ್ರೈವ್, ಕಂಪ್ಯೂಟರಿಗೆ ಬಳಸುವ ಒಂದು ಚಿಕ್ಕ ಯುಪಿಎಸ್ ಕೊಂಡೆ. ವೈಫೈ ರೂಟರಿಗೆ ಹಾಕುವ ಅಗ್ಗದ ಪುಟ್ಟ ಯುಪಿಎಸ್ ಸಾಕು ಎಂದು ಒಬ್ಬರು ಹೇಳಿದರು. ದಯವಿಟ್ಟು ಅದನ್ನು ಹಾಗೆಯೇ ಚುಚ್ಚಬೇಡಿ. ರೂಟರಿನ ಪಿನ್ನಿನಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್ ಇರುತ್ತದೆ. ಸಂಗೀತದ ಯಂತ್ರಗಳಲ್ಲಿ ಎಷ್ಟೋ ಬಾರಿ ನಡುವೆ ಮೈನಸ್. ವೋಲ್ಟೇಜೂ ಬೇರೆ. ಯಂತ್ರದ ಬೆನ್ನಿನ ಮೇಲೆ ಮುದ್ರಿಸಿರುವ ಚಿತ್ರ ನೋಡದೆ ಯಾವ ಅಡಾಪ್ಟರನ್ನೂ ಹಾಕಬಾರದು. ನಾನು ಯಂತ್ರದ ಸ್ವಂತ ಅಡಾಪ್ಟರನ್ನೇ ಯುಪಿಎಸ್‌ಗೆ ಚುಚ್ಚುತ್ತೇನೆ.

ಮನೆಗೆ ಬಂದು ಯಂತ್ರ ಹಾಕಿದರೆ ಎಲ್ಲ ಕಂಪನಿಯ ಹೆಸರುಗಳು, ಕಂಪನಿಯ ಧ್ವನಿಗಳು. ಯಾವ ಪ್ಯಾಡ್ ಮುಟ್ಟಿದರೂ ಯಾರದೋ ಮನೆಗೆ ಹೋದ ಹಾಗೆ. ಆಯುಧಪೂಜೆಗೆ ತಂಡದವರೆಲ್ಲ ವಾದ್ಯಗಳನ್ನು ಒಟ್ಟಿಗೆ ಇಟ್ಟು ಪೂಜೆ ಮಾಡಿದೆವು. ಢೋಲಕ್, ಕೊಳಲು, ಕೀಬೋರ್ಡ್‌ಗಳ ಪಕ್ಕದಲ್ಲಿ ಏನೂ ಇಲ್ಲದ ಆ ಯಂತ್ರಕ್ಕೂ ಕುಂಕುಮ ಇಟ್ಟೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಕೈಯಲ್ಲಿ ಉಳಿದದ್ದು ಒಂದು ತಿಂಗಳು.

ಕಿಟ್ ಕೂಡಿಸಲು ಕುಳಿತಾಗ ತಿಳಿದ ಒಂದು ಸಂಗತಿ: ಯಾವ ಹಾಡಿಗೆ ಯಾವ ಪ್ಯಾಡಿನಲ್ಲಿ ಏನಿತ್ತು ಎಂಬುದು ಕೈಗೆ ನೆನಪಿತ್ತು, ಅಂಕಿಗಳು ಒಂದೂ ನೆನಪಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಹಿಂದೆ ಯಾವಾಗಲೋ ಸ್ನೇಹಿತರಿಗೆ ಕಳಿಸಲು ತೆಗೆದಿದ್ದ ಪರದೆಯ ಹನ್ನೊಂದು ಫೋಟೊಗಳು ಸಿಕ್ಕವು. ಆ ಹನ್ನೊಂದರಿಂದ ನಾಲ್ಕು ಕಿಟ್‌ಗಳು ಸಂಜೆಯೊಳಗೆ ಎದ್ದು ನಿಂತವು. ಉಳಿದ ಅರವತ್ತಕ್ಕೆ ಆಸೆ ಬಿಟ್ಟೆ. 12 ಕಿಟ್ ಸಾಕು, ಚೆನ್ನಾಗಿರಲಿ ಎಂದು ತೀರ್ಮಾನಿಸಿದೆ. ಮೂರು ವರ್ಷದಲ್ಲಿ ಬೆಳೆದ 64ರಲ್ಲಿ ಅರ್ಧಕ್ಕರ್ಧ ಒಂದೇ ಕಿಟ್‌ನ ಸಣ್ಣ ಬದಲಾವಣೆಗಳಾಗಿದ್ದವು ಎಂಬುದು ಆಗ ಹೊಳೆಯಿತು.

ತೊಡಕಾದದ್ದು ತಮಟೆ. ಹಳೆಯ ಮಾಲೀಕರ ಬಳಿಯೂ ಆ ಫೈಲ್‌ಗಳಿರಲಿಲ್ಲ. ಕಂಪನಿಯ ಧ್ವನಿಗಳಲ್ಲಿ ತಬಲಾ ಇದೆ, ಎಷ್ಟೋ ದೇಶಗಳ ಚರ್ಮವಾದ್ಯಗಳಿವೆ, ನಮ್ಮ ತಮಟೆ ಇಲ್ಲ. ಜಾನಪದ ಹಾಡಿಗೆ ತಮಟೆ ಇಲ್ಲದೆ ಕುಳಿತವರು ಏಳುವುದಿಲ್ಲ. ಪಕ್ಕದ ಹಳ್ಳಿಯಲ್ಲಿ ಹಬ್ಬ, ಮೆರವಣಿಗೆಗಳಿಗೆ ತಮಟೆ ನುಡಿಸುವ ಹಿರಿಯರೊಬ್ಬರಿದ್ದಾರೆ. ಅವರ ಮನೆಗೆ ಹೋದೆ. ಗೋಡೆಯ ಮೇಲೆ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಅಂಟಿಸಿದ್ದರು. 2023ರಲ್ಲಿ ಪದ್ಮಶ್ರೀ ಪಡೆದ ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರದು. "ನಮ್ಮ ವಾದ್ಯಕ್ಕೂ ದಿಲ್ಲಿಯಲ್ಲಿ ಮರ್ಯಾದೆ ಸಿಕ್ಕಿತು ಕಣಪ್ಪ" ಎಂದರು. ನಾನು ಬಂದ ಕಾರಣ ಹೇಳಿದೆ. ಅವರ ಹೊಡೆತಗಳನ್ನು ಮುದ್ರಿಸಿ ಯಂತ್ರದಲ್ಲಿ ತುಂಬಿಕೊಂಡು ನಾನು ನುಡಿಸುತ್ತೇನೆ, ಅದಕ್ಕೆ ಸಂಭಾವನೆ ಕೊಡುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಊರ ಹಬ್ಬಕ್ಕೂ ಸಾವಿಗೂ ತಮಟೆ ಬೇಕು, ನುಡಿಸಿದವರ ಕೈಗೆ ಬರುವುದು ಮಾತ್ರ ಬಹಳ ಕಡಿಮೆ. ಅವರ ಕೈಯ ನಾದವನ್ನು ನಾವು ಯಂತ್ರದಲ್ಲಿ ಹೊತ್ತು ತಿರುಗುವಾಗ ಅವರಿಗೆ ಹಣ ಕೊಡದೆ, ಅವರನ್ನು ಕೇಳದೆ ಮುದ್ರಿಸಿಕೊಳ್ಳುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಅಕ್ಟೋಬರ್ 5ರ ಭಾನುವಾರ ತೋಟದಲ್ಲಿ ಮೊದಲ ಮುದ್ರಣ. ಕೋಣೆಯಲ್ಲಿ ಗೋಡೆಯ ಮಾರ್ದನಿ ಸೇರುತ್ತದೆ, ತೆಂಗಿನ ತೋಟದ ನಡುವೆ ಅದಿಲ್ಲ. ನಾನು ಮೊಬೈಲಿನಲ್ಲೇ ಮುದ್ರಿಸಿದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಪ್ರತಿ ಹೊಡೆತದ ತಲೆಯೂ ಕತ್ತರಿಸಿದ ಹಾಗೆ ಚಪ್ಪಟೆ. ಮೊಬೈಲ್ ಮಾತಿಗಾಗಿ ಮಾಡಿದ ಸಾಧನ. ದೊಡ್ಡ ಸದ್ದು ಬಂದರೆ ತಾನೇ ತಗ್ಗಿಸುತ್ತದೆ, ಮೌನವಿದ್ದರೆ ತಾನೇ ಏರಿಸುತ್ತದೆ. ಆ ದಿನದ್ದೆಲ್ಲ ವ್ಯರ್ಥ. ಮುಂದಿನ ಭಾನುವಾರಕ್ಕೆ ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಂದನ್ನು ಬಾಡಿಗೆಗೆ ತಂದೆ, ಎರಡು ದಿನಕ್ಕೆ ಒಂದು ಸಾವಿರ. ಅದರಲ್ಲಿ ತಾನಾಗಿ ಮಟ್ಟ ಸರಿಪಡಿಸುವ ಆಯ್ಕೆಯನ್ನು ಆಫ್ ಮಾಡಿ, ಅತಿ ಜೋರಾದ ಹೊಡೆತಕ್ಕೂ ಸೂಚಿ ಕೆಂಪಾಗದಂತೆ ಇಟ್ಟುಕೊಂಡೆ.

ಆ ಭಾನುವಾರ ಬೆಳಿಗ್ಗೆ ತುಂತುರು ಮಳೆ ಬಂದು ನಿಂತಿತ್ತು. ತಮಟೆ ನುಡಿಸುವ ಅಜ್ಜ ಒಣ ಸೋಗೆಗೆ ಬೆಂಕಿ ಹಚ್ಚಿದರು. ಎರಡು ಕೈಯಲ್ಲೂ ತಮಟೆಯ ಬಳೆ ಹಿಡಿದು ಉರಿಯ ಮೇಲೆ ಸುತ್ತಲೂ ತಿರುಗಿಸುತ್ತ, ನಡುನಡುವೆ ಬೆರಳ ತುದಿಯಿಂದ ಚರ್ಮವನ್ನು ತಟ್ಟಿ ಕಿವಿಗೊಡುತ್ತಿದ್ದರು. ಮೊದಲು ಬಂದದ್ದು ಒದ್ದೆ ಬಟ್ಟೆ ಒಗೆದಂತಹ ಮಂಕು ಸದ್ದು. ಮೂರನೇ ಸುತ್ತಿಗೆ ಸ್ವಲ್ಪ ಬಿಗಿ. ಆರನೇ ಸುತ್ತಿಗೆ ಬೆರಳು ತಾಗಿದರೆ ಸಾಕು, ಟಣ್ ಎಂದು ಬಳೆಯವರೆಗೂ ಓಡಿತು. "ಈಗ ಇಟ್ಟುಕೋ ನಿನ್ನ ಯಂತ್ರ" ಎಂದರು. ಬಲಗೈಯ ದಪ್ಪ ಕೋಲಿನಿಂದ ನಡುವಿಗೆ ಮೂರು ಬಲದಲ್ಲಿ, ಎಡಗೈಯ ಸಪೂರ ಕಡ್ಡಿಯಿಂದ ಅಂಚಿಗೆ ಮೂರು ಬಲದಲ್ಲಿ, ಎರಡೂ ಒಟ್ಟಿಗೆ, ಆಮೇಲೆ ಅಂಗೈ ಇಟ್ಟು ಮುಚ್ಚಿದ ಹೊಡೆತ. ಪ್ರತಿ ಹೊಡೆತದ ನಂತರ ನಾದ ಪೂರ್ತಿ ಕರಗುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ರಸ್ತೆಯ ಬಸ್ಸಿನ ಹಾರನ್ನಿಗೆ ಹತ್ತು ಹೊಡೆತ ಹಾಳಾದವು. ಹದಿನೈದು ನಿಮಿಷಕ್ಕೆ ಚರ್ಮ ತಣ್ಣಗಾಗಿ ಇಳಿಯುತ್ತಿತ್ತು, ಮತ್ತೆ ಸೋಗೆ, ಮತ್ತೆ ಉರಿ. ಮಧ್ಯಾಹ್ನದೊಳಗೆ 74 ಹೊಡೆತ ಮುದ್ರಣವಾದವು. ಎರಡು ಭಾನುವಾರಕ್ಕೆ ಸೇರಿಸಿ ಮೂರು ಸಾವಿರ ಕೊಟ್ಟೆ.

ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಬಳಸಿದೆ. ಅಲೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರೆ, ಕೋಲು ಚರ್ಮವನ್ನು ಮುಟ್ಟುವ ಬಿಂದು ಎದ್ದು ಕಾಣುತ್ತದೆ. ಅಲ್ಲಿಯವರೆಗೆ ನೇರ ಗೆರೆ, ಅಲ್ಲಿಂದ ಒಮ್ಮೆಲೇ ಗೋಡೆಯಂತೆ ಏರುವ ಗೆರೆ. ಆ ಗೋಡೆಯ ಬುಡಕ್ಕೇ ಕತ್ತರಿಸಬೇಕು. ಮೊದಲ ಸಲ ನಾನು ಅಂದಾಜಿನಲ್ಲಿ ಕತ್ತರಿಸಿದ್ದೆ. ಮುಂದೆ 38 ಮಿಲಿಸೆಕೆಂಡ್ ಮೌನ ಉಳಿದಿತ್ತು. ಅಷ್ಟೇ ತಾನೇ ಅನ್ನಿಸಬಹುದು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತ ಎಂದರೆ 500 ಮಿಲಿಸೆಕೆಂಡ್, ಅದರ ಕಾಲು ಭಾಗ 125. 38 ತಡವಾದರೆ ನನ್ನ ಕೈ ಸರಿಯಾಗಿದ್ದರೂ ತಾಳ ಹಿಂದೆ ಎಳೆದಂತೆ ಕೇಳುತ್ತಿತ್ತು. ಎರಡು ದಿನ ನನ್ನ ಕೈಯನ್ನೇ ಅನುಮಾನಿಸಿದ್ದೆ. ತುದಿಯನ್ನೂ ಒಮ್ಮೆಲೇ ಕತ್ತರಿಸದೆ ನಿಧಾನವಾಗಿ ಕರಗಿಸಿ, ಇಲ್ಲದಿದ್ದರೆ ಕೊನೆಯಲ್ಲಿ ಟಿಕ್ ಎನ್ನುತ್ತದೆ.

74ರಲ್ಲಿ 14 ಆರಿಸಿಕೊಂಡೆ. ಪೆನ್‌ಡ್ರೈವಿಗೆ ಹಾಕಿ ಯಂತ್ರಕ್ಕೆ ಚುಚ್ಚಿದರೆ ಒಂದೂ ಕಾಣಲಿಲ್ಲ. ಇದರಲ್ಲಿ ಮೂರು ಸಂಜೆ ಹೋದವು. ರೆಕಾರ್ಡರ್ ಮುದ್ರಿಸಿದ್ದು 24 ಬಿಟ್, 48 ಕಿಲೋಹರ್ಟ್ಸ್. ನನ್ನ ಯಂತ್ರ ಒಪ್ಪುವುದು 16 ಬಿಟ್, 44.1 ಕಿಲೋಹರ್ಟ್ಸ್‌ನ ವೇವ್ ಫೈಲ್ ಮಾತ್ರ. ಬದಲಿಸಿದೆ, ಆಗಲೂ ಇಲ್ಲ. ಫೈಲ್‌ಗಳಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದೆ, ಅದು ಓದಲಾರದು. ಇಂಗ್ಲಿಷಿನ ಚಿಕ್ಕ ಹೆಸರು ಕೊಟ್ಟೆ, ಆಗಲೂ ಇಲ್ಲ. ಕೊನೆಗೆ ಗೊತ್ತಾದದ್ದು, ಫೋಲ್ಡರಿನೊಳಗೆ ಫೋಲ್ಡರ್ ಇದ್ದರೆ ಅದು ಇಣುಕುವುದಿಲ್ಲ ಎಂದು. ಎಲ್ಲವನ್ನೂ ಹೊರಗೆ ತಂದಿಟ್ಟ ಕೂಡಲೇ ಹದಿನಾಲ್ಕೂ ಸಾಲಾಗಿ ನಿಂತವು. 64 ಜಿಬಿಯಂತಹ ದೊಡ್ಡ ಪೆನ್‌ಡ್ರೈವ್ ಕೊಂಡವರಿಗೆ ಇನ್ನೊಂದು ತೊಡಕು ಬರಬಹುದು. ಅವು ಸಾಮಾನ್ಯವಾಗಿ ಬೇರೆ ಬಗೆಯ ಫಾರ್ಮ್ಯಾಟಿನಲ್ಲಿ ಬರುತ್ತವೆ, ಹಳೆಯ ಯಂತ್ರಗಳು ಗುರುತಿಸುವುದು ಫ್ಯಾಟ್32 ಮಾತ್ರ. ಚಿಕ್ಕದನ್ನೇ ಕೊಂಡು, ಯಂತ್ರದೊಳಗಿನ ಫಾರ್ಮ್ಯಾಟ್ ಆಯ್ಕೆಯಿಂದಲೇ ಸಿದ್ಧಮಾಡಿಕೊಂಡರೆ ಈ ಕಾಟವಿಲ್ಲ. ಮೋನೊ ಆಗಿ ಉಳಿಸಿದರೆ ಜಾಗವೂ ಅರ್ಧ ಸಾಕು: ಒಂದು ನಿಮಿಷಕ್ಕೆ ಸುಮಾರು 5 ಎಂಬಿ. ತಮಟೆಯ ಒಂದು ಹೊಡೆತಕ್ಕೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಬೇಕಿಲ್ಲ.

ಧ್ವನಿ ಒಳಗೆ ಬಂದ ಮೇಲೆ ಅದನ್ನು ಪ್ಯಾಡಿಗೆ ಕೂರಿಸುವುದು ನನಗೆ ಅತ್ಯಂತ ಇಷ್ಟದ ಕೆಲಸ, ಅದರಲ್ಲಿ ರಾತ್ರಿಗಳು ಕಳೆದದ್ದೇ ತಿಳಿಯಲಿಲ್ಲ. ಹೊಡೆತದ ಬಲವನ್ನು ಯಂತ್ರ 1ರಿಂದ 127ರವರೆಗಿನ ಅಂಕಿಯಾಗಿ ಓದುತ್ತದೆ. 84ರವರೆಗೆ ಅಜ್ಜನ ಮೆಲು ಹೊಡೆತ, 85ರಿಂದ ಮೇಲೆ ಗಟ್ಟಿ ಹೊಡೆತ ಬರುವಂತೆ ಎರಡು ಪದರ ಇಟ್ಟೆ. ಒಂದೇ ಧ್ವನಿಯ ಮಟ್ಟವನ್ನು ಏರಿಸಿ ಇಳಿಸಿದರೆ ತಮಟೆ ಆಗುವುದಿಲ್ಲ. ಜೋರಾಗಿ ಹೊಡೆದಾಗ ಅದರ ಬಣ್ಣವೇ ಬೇರೆ. ನಡುವಿನ ಹೊಡೆತ ಎರಡನೇ ಪ್ಯಾಡಿಗೂ ಅಂಚಿನ ಕಡ್ಡಿ ಮೂರನೆಯದಕ್ಕೂ ಹೋದವು. ಅಂಗೈ ಮುಚ್ಚಿದ ಹೊಡೆತವನ್ನು ಏಳನೆಯದಕ್ಕೆ ಹಾಕಿ, ಎರಡನ್ನೂ ಏಳನ್ನೂ ಒಂದೇ ಮ್ಯೂಟ್ ಗುಂಪಿಗೆ ಸೇರಿಸಿದೆ. ಈಗ ಏಳನ್ನು ಹೊಡೆದರೆ ಎರಡರ ನಾದ ಅಲ್ಲಿಗೇ ನಿಲ್ಲುತ್ತದೆ, ನಿಜವಾದ ಅಂಗೈ ಇಟ್ಟಂತೆ. ಬೇರೆ ಬೇರೆ ಸುತ್ತಿನ ಉರಿಯಲ್ಲಿ ಮುದ್ರಿಸಿದ ಕಾರಣ ಶ್ರುತಿಯಲ್ಲಿ ಏರುಪೇರಿತ್ತು. ಪಿಚ್ ಅನ್ನು ಎಳೆಎಳೆಯಾಗಿ ಏರಿಸಿ ಹೊಂದಿಸಿದೆ. ಇದನ್ನೆಲ್ಲ ಹೆಡ್‌ಫೋನಿನಲ್ಲಿ ಮುಗಿಸಿಬಿಡಬೇಡಿ. ಹೆಡ್‌ಫೋನಿನಲ್ಲಿ ಗುಂಡಗಿದ್ದ ನನ್ನ ಡೊಳ್ಳು, ಅಭ್ಯಾಸದ ದಿನ ದೊಡ್ಡ ಸ್ಪೀಕರಿನಲ್ಲಿ ಗುಂಯ್‌ಗುಡುತ್ತ ಉಳಿದ ಎಲ್ಲವನ್ನೂ ನುಂಗಿತು. ಅದರ ಡಿಕೇ, ಎಂದರೆ ನಾದ ಕರಗಲು ಹಿಡಿಯುವ ಹೊತ್ತನ್ನು, ಅರ್ಧಕ್ಕೆ ಇಳಿಸಬೇಕಾಯಿತು.

ಮೂರನೇ ಪ್ಯಾಡ್ ಹೊಡೆದರೆ ಪಕ್ಕದ ನಾಲ್ಕನೆಯದೂ ಮೆಲ್ಲಗೆ ಸದ್ದು ಮಾಡುತ್ತಿತ್ತು. ರಬ್ಬರಿನ ಅಡಿಯಲ್ಲಿ ಹೊಡೆತವನ್ನು ಗ್ರಹಿಸುವ ಪೀಜೋ ಬಿಲ್ಲೆಗೆ ಪಕ್ಕದ ನಡುಕವೂ ಹೊಡೆತವೆಂದೇ ಕಾಣುತ್ತದೆ. ಕ್ರಾಸ್‌ಟಾಕ್ ಅಂಕಿಯನ್ನು ಏರಿಸುತ್ತ ಹೋದರೆ ಅದು ನಿಲ್ಲುತ್ತದೆ, ತೀರಾ ಏರಿಸಿದರೆ ಎರಡು ಪ್ಯಾಡ್ ಒಟ್ಟಿಗೆ ಹೊಡೆದಾಗ ಒಂದು ಮೂಕವಾಗುತ್ತದೆ. ನಿಲ್ಲುವ ಅತಿ ಕಡಿಮೆ ಅಂಕಿಯಲ್ಲಿ ಬಿಡಿ. ಈ ಬಗೆಯ ಸಂವೇದನೆಯ ಅಂಕಿಗಳು ಸಾಮಾನ್ಯವಾಗಿ ಕಿಟ್‌ಗೆ ಸೇರಿದವಲ್ಲ, ಇಡೀ ಯಂತ್ರಕ್ಕೆ ಸೇರಿದವು; ಒಂದು ಕಿಟ್‌ಗಾಗಿ ಬದಲಿಸಿದರೆ ಎಲ್ಲ ಕಿಟ್‌ಗಳ ನಡತೆಯೂ ಬದಲಾಗುತ್ತದೆ.

ಇನ್ನು ಉಳಿಸುವ ವಿಷಯ. ಇಲ್ಲೊಂದು ಬಲೆ ಇದೆ, ನಾನು ಅದರಲ್ಲಿ ಒಂದು ಕಾಲಿಟ್ಟು ಹಿಂದೆ ತೆಗೆದೆ. ಒಂದೇ ಕಿಟ್ ಅನ್ನು ಪೆನ್‌ಡ್ರೈವಿಗೆ ಉಳಿಸುವ ಆಯ್ಕೆ ಇದೆ. ನನ್ನ ಯಂತ್ರದಲ್ಲಿ ಹಾಗೆ ಉಳಿಸಿದ್ದರಲ್ಲಿ ಧ್ವನಿ ಇರುವುದಿಲ್ಲ, "ಎರಡನೇ ಪ್ಯಾಡಿಗೆ 23ನೇ ಸ್ಥಾನದ ಧ್ವನಿ" ಎಂಬ ವಿಳಾಸ ಮಾತ್ರ ಇರುತ್ತದೆ. ಆ ಸ್ಥಾನದ ಧ್ವನಿಯನ್ನು ಅಳಿಸಿದರೆ ಅಥವಾ ಕದಲಿಸಿದರೆ ಕಿಟ್ ಮರಳಿ ಬಂದರೂ ಪ್ಯಾಡ್ ಮೂಕ. ಪರೀಕ್ಷೆಗೆಂದು ಒಂದು ಧ್ವನಿ ಅಳಿಸಿ ನೋಡಿದಾಗ ಇದು ತಿಳಿಯಿತು. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಉಳಿಸುವ ಆಯ್ಕೆಯನ್ನೇ ಬಳಸಿ. ಅದನ್ನು ಮರಳಿ ತುಂಬುವಾಗ ಯಂತ್ರದಲ್ಲಿ ಈಗಿರುವುದೆಲ್ಲ ಅಳಿದು ಅದು ಕೂರುತ್ತದೆ ಎಂಬುದೂ ಗೊತ್ತಿರಲಿ. ತುಂಬುವ ಮೊದಲು ಈಗಿನದರ ಪ್ರತಿ ತೆಗೆಯಿರಿ. ಪ್ರತಿ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ಮರಳಿ ತುಂಬಿಯೇ ನೋಡಬೇಕು. ಅಕ್ಟೋಬರ್ 19ರ ರಾತ್ರಿ ನಾನು ಅದನ್ನು ಮಾಡಿದೆ. ಯುಪಿಎಸ್ ಹಾಕಿ, ಎರಡು ಪೆನ್‌ಡ್ರೈವಿಗೂ ಕಂಪ್ಯೂಟರಿಗೂ ಪ್ರತಿ ಇಳಿಸಿ, ಯಂತ್ರವನ್ನು ಕಂಪನಿಯ ಸ್ಥಿತಿಗೆ ತಂದೆ. ಅಷ್ಟು ದಿನದ ಕೆಲಸ ಕಣ್ಣೆದುರಿಗೇ ಮಾಯವಾಯಿತು. ಪೆನ್‌ಡ್ರೈವಿನಿಂದ ಮರಳಿ ತುಂಬಲು ನಾಲ್ಕು ನಿಮಿಷ ಹಿಡಿಯಿತು. ಎರಡನೇ ಪ್ಯಾಡ್ ಮುಟ್ಟಿದೆ, ಅಜ್ಜನ ತಮಟೆ ಟಣ್ ಎಂದಿತು. ಒಳಗೆ ಮಲಗಿದ್ದ ಅಮ್ಮ ಎದ್ದು ಬಂದು "ಏನಾಯಿತೋ?" ಎಂದು ಕೇಳಿದರು. ನನಗೆ ಮಾತು ಹೊರಡಲಿಲ್ಲ.

ಜೊತೆಗೆ ಒಂದು ಪುಸ್ತಕ ಇಟ್ಟಿದ್ದೇನೆ, ಮಂಡಿಯಲ್ಲಿ ಬಳಸುವ ಉದ್ದ ಗೆರೆಯ ಪುಸ್ತಕ. ಕಿಟ್‌ಗೊಂದು ಪುಟ, ಪ್ಯಾಡಿಗೊಂದು ಸಾಲು. ಧ್ವನಿಯ ಸ್ಥಾನ, ಮಟ್ಟ, ಪಿಚ್, ಡಿಕೇ, ಮ್ಯೂಟ್ ಗುಂಪು, ಬದಲಿಸಿದ ದಿನಾಂಕ. ಖರ್ಚು ಒಟ್ಟು 10,980 ರೂಪಾಯಿ: ಸರ್ವಿಸ್ 2,360, ಎರಡು ಸಲದ ಪ್ರಯಾಣ ಮತ್ತು ಊಟ 640, ಪೆನ್‌ಡ್ರೈವ್‌ಗಳು 780, ಯುಪಿಎಸ್ 3,200, ರೆಕಾರ್ಡರ್ ಬಾಡಿಗೆ 1,000, ತಮಟೆಯವರಿಗೆ 3,000. ಮೊದಲೇ 780 ಖರ್ಚು ಮಾಡಿದ್ದರೆ ಬಹುಪಾಲು ಉಳಿಯುತ್ತಿತ್ತು. ವೇದಿಕೆಯ ಮೇಲೆ ಈಗ ಸೇವ್ ಒತ್ತುವುದಿಲ್ಲ. ಅಲ್ಲಿ ಮಟ್ಟ ಬದಲಿಸಿದರೆ ಪುಸ್ತಕದಲ್ಲಿ ಗುರುತು ಮಾಡಿಕೊಂಡು, ಮನೆಗೆ ಬಂದು ಯುಪಿಎಸ್ ಮೇಲೆ ಉಳಿಸುತ್ತೇನೆ.

ನವೆಂಬರ್ 1ರ ಕಾರ್ಯಕ್ರಮಕ್ಕೆ ಅಜ್ಜನನ್ನೂ ಕರೆದಿದ್ದೆ. ಮುಂದಿನ ಸಾಲಿನಲ್ಲಿ ಮೊಮ್ಮಗನ ಜೊತೆ ಕುಳಿತು ಕಣ್ಣುಮುಚ್ಚಿ ಕೇಳಿದರು. ಮುಗಿದ ಮೇಲೆ ವೇದಿಕೆಯ ಹಿಂದೆ ಬಂದು ಯಂತ್ರದ ಮೇಲೆ ಕೈಯಿಟ್ಟರು. "ನನ್ನ ಕೈಯೇ ಇದು, ಅನುಮಾನವಿಲ್ಲ. ಆದರೆ ಆ ಮುಚ್ಚುಪೆಟ್ಟು ಇದೆಯಲ್ಲ, ಅದು ಕೊನೆಯ ಸಲದ್ದು. ಅಷ್ಟು ಹೊತ್ತಿಗೆ ಚರ್ಮ ಆರಿತ್ತು. ಅದನ್ನು ನೀನು ಎಳೆದು ಬಿಗಿ ಮಾಡಿದ್ದೀಯ, ಹೌದೋ ಅಲ್ಲವೋ?" ಏಳನೇ ಪ್ಯಾಡಿನ ಪಿಚ್ ಅನ್ನು ನಾನು ನಿಜವಾಗಿಯೂ ಎಲ್ಲಕ್ಕಿಂತ ಹೆಚ್ಚು ಏರಿಸಿದ್ದೆ. ಅದನ್ನು ನಾನೊಬ್ಬನೇ ಬಲ್ಲೆ ಎಂದುಕೊಂಡಿದ್ದೆ.

ಮರುದಿನ ಭಾನುವಾರ ಮತ್ತೆ ತೋಟಕ್ಕೆ ಹೋದೆವು. ಸೋಗೆ ಹಚ್ಚಿ, ಚರ್ಮ ಕಾದ ಕೂಡಲೇ ಮೊದಲು ಮುಚ್ಚುಪೆಟ್ಟನ್ನೇ ಮುದ್ರಿಸಿದೆವು. ಸಂಜೆ ಅದನ್ನು ಕತ್ತರಿಸಿ, 29ನೇ ಸ್ಥಾನದಲ್ಲಿದ್ದ ಹಳೆಯದರ ಜಾಗಕ್ಕೇ ತುಂಬಿದೆ. ಸ್ಥಾನ ಬದಲಾಗದ್ದರಿಂದ ಅದನ್ನು ಬಳಸುವ ಐದು ಕಿಟ್‌ಗಳೂ ತಾವಾಗಿ ಹೊಸ ಪೆಟ್ಟನ್ನು ಹಿಡಿದುಕೊಂಡವು. ಪಿಚ್ ಅನ್ನು ಸೊನ್ನೆಗೆ ತಂದು, ಉಳಿಸಿ, ಮೂರೂ ಪ್ರತಿಗಳನ್ನು ಹೊಸದು ಮಾಡಿ, ಪುಸ್ತಕದಲ್ಲಿ ಏಳನೇ ಸಾಲಿನ ಮುಂದೆ ನವೆಂಬರ್ 2 ಎಂದು ಬರೆದೆ.